ಹುಳುಮನೆಗೆ ಬಂದ ಆಟದ ಪೆಟ್ಟಿಗೆ

ಅಕ್ಕ ತನ್ನ ಫೋನಿನ ಆಟದಲ್ಲಿ ಎರಡು ಸಾವಿರದ ಚಿಲ್ಲರೆ ಲೆವೆಲ್ ದಾಟಿದ್ದಾಳೆ ಎಂದು ತಿಳಿದ ದಿನವೇ ನನಗೆ ಆ ಸಿದ್ಧಾಂತ ಹೊಳೆಯಿತು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಡೈರಿ ತೆಗೆದು ನೋಡಿದರೆ ಸಿದ್ಧಾಂತ ಮೊದಲು ಬಂದಿದೆ, ಅಕ್ಕನ ಲೆವೆಲ್ಲಿನ ಸುದ್ದಿ ಹದಿನೈದು ದಿನ ಆಮೇಲೆ. ಸಾಕ್ಷಿ ಬರುವ ಮೊದಲೇ ತೀರ್ಪು ಬರೆದಿಟ್ಟಿದ್ದೆ. ರಾಮನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು ಹಾಗೆ ಮಾಡಬಾರದು. ಮಾಡಿದ್ದೆ.

ಸಿದ್ಧಾಂತ ಇಷ್ಟೇ. ಫೋನಿನ ಆಟ ಒಂದನೇ ಕ್ಲಾಸು, ಟಿ.ವಿ.ಗೆ ಸಿಕ್ಕಿಸಿ ಆಡುವ ಕನ್ಸೋಲ್ ಡಿಗ್ರಿ. ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಚುರುಕಾದವರು ಇವತ್ತಲ್ಲ ನಾಳೆ ಡಿಗ್ರಿಗೆ ಬಂದೇ ಬರುತ್ತಾರೆ. ನಮ್ಮ ಅಕ್ಕ ಕೂಟಗಲ್ಲಿನಲ್ಲಿ ರೇಷ್ಮೆ ಹುಳು ಸಾಕುವವಳು. ಒಂದು ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹರಡುತ್ತ, ಇನ್ನೊಂದು ಕೈಯ ಹೆಬ್ಬೆಟ್ಟಿನಲ್ಲಿ ಬಣ್ಣಬಣ್ಣದ ಹಣ್ಣುಗಳನ್ನು ಮೂರು ಮೂರು ಸೇರಿಸಿ ಸಿಡಿಸುತ್ತ ಎರಡು ಸಾವಿರ ಲೆವೆಲ್ ದಾಟಿದವಳು. ಅವಳಿಗಿಂತ ಚುರುಕು ಯಾರಿದ್ದಾರೆ?

ಸಿದ್ಧಾಂತದ ಹಿಂದಿನ ಸತ್ಯವನ್ನೂ ಬರೆದುಬಿಡುತ್ತೇನೆ. ಎರಡು ವರ್ಷದ ಹಿಂದೆ ಚನ್ನಪಟ್ಟಣದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಯಾರೋ ಮಾರಲು ಬಿಟ್ಟಿದ್ದ ಕನ್ಸೋಲ್ ಒಂದನ್ನು ಕೊಂಡುಕೊಂಡಿದ್ದೆ. ಅದರ ಜೊತೆ ಎರಡು ಕಂಟ್ರೋಲರ್ ಬಂದವು. ನಮ್ಮ ಮನೆಯಲ್ಲಿ ಅವನ್ನು ರಿಮೋಟ್ ಎನ್ನುತ್ತೇವೆ. ಒಂದು ನನ್ನದು. ಇನ್ನೊಂದು ಯಾರದೂ ಅಲ್ಲ. ನನ್ನ ಗಂಡ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವವರು, ಮನೆಗೆ ಬಂದರೆ ಅವರ ಆಟವೆಲ್ಲ ದಿಂಬಿನ ಜೊತೆ. ಆ ಎರಡನೇ ರಿಮೋಟ್ ನೋಡಿದಾಗಲೆಲ್ಲ ನನಗೆ ಅಕ್ಕನ ನೆನಪಾಗುತ್ತಿತ್ತು. ಮದುವೆಯಾಗಿ ಹೋದ ಮೇಲೆ ಅವಳು ನನ್ನ ಪಕ್ಕದಲ್ಲಿ ಒಂದು ಗಂಟೆ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ. ನಾನು ಅವಳ ಊರಿಗೆ ಹೋದರೆ ಅವಳು ಮಾತಾಡುವುದು ಸೊಪ್ಪು ಹಾಕುತ್ತ, ಹುಳುವಿನ ತಟ್ಟೆ ಬದಲಾಯಿಸುತ್ತ. ಇಷ್ಟು ವರ್ಷ ನಾನು ಮಾತಾಡಿರುವುದು ಅವಳ ಬೆನ್ನಿನ ಜೊತೆ. ಎರಡು ಗಂಟೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಕನ್ಸೋಲ್‌ಗೆ ಕೂತೇ ಆಡಬೇಕು, ಎರಡು ಕೈಯೂ ಬೇಕು.

ಒಂದು ಶನಿವಾರ ಅದನ್ನು ಟವೆಲ್‌ನಲ್ಲಿ ಸುತ್ತಿ, ಬಟ್ಟೆ ಅಂಗಡಿಯ ಚೀಲಕ್ಕೆ ಹಾಕಿಕೊಂಡು ಕೂಟಗಲ್ ಬಸ್ಸು ಹತ್ತಿದೆ. ಮರಿ ಹುಳು ತಂದು ಎರಡು ದಿನವಾಗಿತ್ತು. ಮರಿ ಬೆಳೆದು ಗೂಡು ಕಟ್ಟುವ ತನಕ, ಎಂದರೆ ಬೆಳೆ ಇರುವಷ್ಟು ದಿನ, ಅಕ್ಕ ಭಾವ ಇಬ್ಬರೂ ಹೆಚ್ಚು ಹೊತ್ತು ಹುಳುಮನೆಯಲ್ಲೇ ಇರುವುದರಿಂದ ಟಿ.ವಿ.ಯೂ ಅಲ್ಲಿಗೇ ಹೋಗಿತ್ತು. ಹುಳುಮನೆಯ ಬಾಗಿಲಿಗೆ ಒಂದು ಶಾಸ್ತ್ರವಿದೆ. ಕೈಕಾಲು ತೊಳೆಯಬೇಕು, ಪೌಡರ್ ಹಾಕಿರಬಾರದು, ಸೆಂಟು ಕೂಡದು. ನಾನು ತೊಳೆದೆ. ಅಕ್ಕ ನನ್ನ ತಲೆ ಮೂಸಿದಳು, ಸೆರಗು ಮೂಸಿದಳು, ಪಾಸಾದೆ. ಆಮೇಲೆ ಚೀಲ ಮೂಸಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇದೇನೇ ಸೊಳ್ಳೆ ಔಸ್ದಿ ವಾಸ್ನೆ?"

ನಮ್ಮ ಮನೆಯಲ್ಲಿ ಸೊಳ್ಳೆಗೆ ಹಾಕುವ ಲಿಕ್ವಿಡ್ ಬಾಟಲಿ ಇರುವುದು ಟಿ.ವಿ. ಕೆಳಗಿನ ಪ್ಲಗ್ಗಿನಲ್ಲಿ. ಅದರ ಪಕ್ಕದಲ್ಲೇ ಕನ್ಸೋಲ್. ಕನ್ಸೋಲ್ ಒಳಗೊಂದು ಫ್ಯಾನ್ ಇದೆ. ಎರಡು ವರ್ಷ ಸಂಜೆ ಸಂಜೆ ಆ ಫ್ಯಾನ್ ಸೊಳ್ಳೆ ಔಷಧವನ್ನು ಒಳಗೆಳೆದುಕೊಂಡು ಕುಡಿದಿತ್ತು. ಸೊಳ್ಳೆ ಸಾಯುವ ಗಾಳಿಗೆ ರೇಷ್ಮೆ ಹುಳು ಅದಕ್ಕಿಂತ ಮೊದಲೇ ಸಾಯುತ್ತದೆ ಎಂಬುದು ನನಗೂ ಗೊತ್ತಿತ್ತು. ನಾನು ಬೆಳೆದದ್ದೂ ಹುಳು ಸಾಕುವ ಮನೆಯಲ್ಲೇ. ಎಂ.ಎ. ಮಾಡಿ, ವಿಷ ಬೀಸುವ ಪೆಟ್ಟಿಗೆಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹುಳುಮನೆಯ ಹೊಸಿಲಿಗೆ ತಂದಿದ್ದೆ.

ಅಂಗಳದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ಭಾವ ಎಲ್ಲ ಕೇಳಿಸಿಕೊಂಡು, "ನಮ್ ಬೆಳೆ ಕೆಡ್ಸಾಕೆ ಮೇಡಮ್ಮೋರೇ ಖುದ್ದಾಗ್ ಬಂದವ್ರೆ," ಎಂದರು.

ಆ ದಿನ ಆಟವಿರಲಿಲ್ಲ. ಕನ್ಸೋಲನ್ನು ಮಹಡಿಯ ಮೇಲೆ ಬಿಸಿಲಿಗೆ ಹಾಕಿದರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೂ ಅಲ್ಲೇ ಒಣಗಲು ಹಾಕಿದ್ದರು. ಅವುಗಳ ನಡುವೆ ಅದು ಹಪ್ಪಳದ ಹಾಗೆ ಬಿದ್ದುಕೊಂಡಿತು. ಸಂಜೆಯಾದರೆ ದನದ ಕೊಟ್ಟಿಗೆಗೆ, ಬೆಳಗಾದರೆ ಮತ್ತೆ ಮಹಡಿಗೆ. ಅಕ್ಕ ದಿನಾ ಮೂಸಿ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಇನ್ನೂ ಐತೆ. ಒಸಿ ಕಮ್ಮಿಯಾಗೈತೆ. ಈಗ ಬರೀ ಸಗಣಿ ವಾಸ್ನೆ.

ವಾಸನೆ ಹೋದರೂ ಹುಳುಮನೆಯೊಳಗೆ ಬಿಡಲು ಅವಳು ಒಪ್ಪಲಿಲ್ಲ. ಟಿ.ವಿ.ಯನ್ನೇ ಮನೆಗೆ ತರುವುದೆಂದು ಆಯಿತು, ಆದರೆ ಜ್ವರದ ದಿನ ಮಾತ್ರ. ಹುಳು ಪೊರೆ ಬಿಡುವ ಮುನ್ನ ಸುಮಾರು ಒಂದು ದಿನ ತಲೆ ಎತ್ತಿ ಅಲುಗದೆ ಕೂರುತ್ತದೆ, ಅದನ್ನೇ ಜ್ವರ ಎನ್ನುವುದು. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಅಕ್ಕನ ಮನೆಗೆ ಮರಿಗಳು ಬರುವ ಹೊತ್ತಿಗೆ ಎರಡು ಜ್ವರ ಮುಗಿದಿರುತ್ತದೆ. ಉಳಿದದ್ದು ಮೂರನೆಯದು, ನಾಲ್ಕನೆಯದು. ಮೂರನೆಯದಕ್ಕೆ ಪೆಟ್ಟಿಗೆ ಇನ್ನೂ ಬಿಸಿಲಲ್ಲೇ ಇತ್ತು. ನಾಲ್ಕನೆಯದಕ್ಕೆ ಫೋನ್ ಬಂತು: "ಹುಳ ಜ್ವರಕ್ ಕುಂತವೆ. ಬತ್ತೀಯ?"

ಕಾಲೇಜಿಗೆ ರಜೆ ಹಾಕಿ ಹೋದೆ.

ಭಾವ ಟಿ.ವಿ.ಯನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಗೆ ತಂದರು. ನಾನು ಕಾರು ಓಡಿಸುವ ಆಟ ಹಾಕಿದೆ. ಎಂಟು ಕಾರು, ಆರನ್ನು ಯಂತ್ರವೇ ಓಡಿಸುತ್ತದೆ, ಎರಡು ನಮ್ಮವು. ಅಕ್ಕ ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು ರಿಮೋಟ್ ಹಿಡಿದಳು. ಕಪ್ಪು ರಿಮೋಟ್ ಮೇಲೆ ಹತ್ತು ಬಿಳಿ ಬೆರಳು ಮೂಡಿದವು. ಮೊದಲ ತಿರುವು ಬಂದಾಗ ಅವಳು ಎದ್ದು ಹೋಗಿ ಟಿ.ವಿ.ಯ ಗಾಜನ್ನೇ ಬೆರಳಿನಿಂದ ಬಲಕ್ಕೆ ಉಜ್ಜಿದಳು. ಹಾಗೆ ಮಾಡಿದ್ದು ತಾನಲ್ಲ, ಭಾವ ಎಂದು ಈಗ ವಾದಿಸುತ್ತಾಳೆ. ಭಾವ ಆಗ ಬಾಗಿಲಲ್ಲಿ ನಿಂತಿದ್ದರು ಎಂದು ನನ್ನ ನೆನಪು. ಗಾಜಿನ ಮೇಲೆ ಸುಣ್ಣದ ಗೆರೆ ಇತ್ತು, ಅದಂತೂ ಖಂಡಿತ. ಆದರೆ ಅವತ್ತು ಸುಣ್ಣ ಭಾವನ ಕೈಯಲ್ಲೂ ಇತ್ತು.

ಒಂದು ಗಂಟೆ ಅವಳ ಕಾರು ಹೊಲಕ್ಕೆ, ಗೋಡೆಗೆ, ಸಮುದ್ರಕ್ಕೆ ಹೋಯಿತು. ರಸ್ತೆ ಪಕ್ಕದಲ್ಲಿ ಒಂದು ಗಿಡ ಕಂಡರೆ ನಿಲ್ಲಿಸಿ ಇದ್ಯಾವ ಸೊಪ್ಪು ಎಂದು ಕೇಳುತ್ತಿದ್ದಳು. ಕೆಲಸದ ನಡುವೆ ಎಲ್ಲಿ ಬೇಕಾದರೂ ಬಿಟ್ಟು ಏಳಬಹುದಾದ ಫೋನಿನ ಆಟವನ್ನು ಹೊಗಳಿದಳು, ಇದು ಕಟ್ಟಿಹಾಕಿದ ಹಾಗೆ ಇದೆ ಎಂದು ಬೈದಳು. ಆದರೂ ಏಳಲಿಲ್ಲ. ಎರಡನೇ ಗಂಟೆಯಲ್ಲಿ ಅವಳ ಹೆಬ್ಬೆಟ್ಟಿಗೆ ದಾರಿ ತಿಳಿಯಿತು. ಆ ಗಂಟೆಯ ಮೂರನೇ ಓಟದಲ್ಲಿ ನನ್ನನ್ನು ಹಿಂದಿಕ್ಕಿದಳು. ನನ್ನ ಸಿದ್ಧಾಂತಕ್ಕೆ ರೆಕ್ಕೆ ಬಂತು. ನಾನು ಪಕ್ಕಕ್ಕೆ ತಿರುಗಿ ಅವಳ ಮುಖ ನೋಡುತ್ತಿದ್ದೆ. ಅವಳ ಮೂಗಿನ ಎಡಕ್ಕೆ ಒಂದು ಮಚ್ಚೆ ಇರುವುದನ್ನು ಮರೆತೇಬಿಟ್ಟಿದ್ದೆ. ನಾನು ಹಿಂದೆ ಬಿದ್ದದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಕೊನೆಯ ಓಟದ ಕೊನೆಯ ಸುತ್ತು. ಅವಳು ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಅಷ್ಟರಲ್ಲಿ ಭಾವ ಹುಳುಮನೆಯಿಂದ ಬಂದು, ಒಂದು ತಟ್ಟೆಯಲ್ಲಿ ಹುಳು ಪೊರೆ ಬಿಟ್ಟು ಎದ್ದಿವೆ, ಸೊಪ್ಪು ಹಾಕೋಣವೇ ಎಂದು ಕೇಳಿದರು. ಆಟ ಮುಗಿಯಿತು ಎಂದು ನಾನು ಆಗಲೇ ರಿಮೋಟ್ ಕೆಳಗಿಟ್ಟೆ. ಅಕ್ಕ ಟಿ.ವಿ.ಯಿಂದ ಕಣ್ಣು ತೆಗೆಯದೆ ಕೇಳಿದಳು:

"ಎಷ್ಟ್ ಎದ್ದವೆ?"

"ಒಂದತ್ತು ಹನ್ನೆರ್ಡು."

"ಎಲ್ಲಾ ಏಳ್ಲಿ. ಮೊದ್ಲು ಎದ್ದವ್ಕೆ ಹಾಕ್ಬುಟ್ರೆ ಮಿಕ್ಕವು ಹಿಂದೆ ಬೀಳ್ತವೆ."

ಅದು ಹುಳು ಸಾಕುವವರ ನಿಯಮ. ಎಲ್ಲವೂ ಏಳುವ ತನಕ ಯಾವುದಕ್ಕೂ ಸೊಪ್ಪಿಲ್ಲ. ಇಲ್ಲದಿದ್ದರೆ ಬೆಳೆ ಏರುಪೇರಾಗುತ್ತದೆ, ಕೆಲವು ಗೂಡು ಕಟ್ಟುವಾಗ ಕೆಲವು ಇನ್ನೂ ಮೇಯುತ್ತಿರುತ್ತವೆ. ಭಾವನಿಗೂ ಗೊತ್ತಿದ್ದದ್ದೇ. ಟಿ.ವಿ. ವಾಪಸು ಬೇಕಾಗಿತ್ತು ಅನ್ನಿಸುತ್ತದೆ. ಅವರು ಹೋದರು. ನಾನು ರಿಮೋಟ್ ಮತ್ತೆ ಎತ್ತಿಕೊಂಡೆ. ಇಬ್ಬರಿಗೂ ಅರ್ಧರ್ಧ ಹಂಚಿದ್ದ ತೆರೆಯ ಮೇಲರ್ಧದಲ್ಲಿ ಅಕ್ಕನ ಕಾರು ಗೆಲುವಿನ ಗೆರೆಯ ಹತ್ತಿರ ಹೋಗಿ, ಒಂದು ಮಾರು ಈಚೆ ನಿಂತುಬಿಟ್ಟಿತು. ಯಂತ್ರದ ಕಾರೊಂದು ಅವಳನ್ನು ದಾಟಿ ಹೋಯಿತು. ಇನ್ನೊಂದು ಹೋಯಿತು.

"ಅಕ್ಕಾ, ಹೋಗು, ಗೆರೆ ದಾಟು."

"ನಿನ್ ಗಾಡಿ ಎಲ್ಲೈತೆ?"

"ಸೇತುವೆ ಹತ್ರ. ನೀನು ಹೋಗಕ್ಕ."

"ಬಾ, ಬಾ. ಇರ್ತೀನಿ."

ಆರು ಕಾರೂ ಅವಳನ್ನು ದಾಟಿ ಹೋದವು. ನಾನು ಸೇತುವೆ ದಾಟಿ, ಎರಡು ಸಲ ಗೋಡೆಗೆ ಗುದ್ದಿ, ಏದುಸಿರು ಬಿಡುತ್ತ ಬಂದು ಅವಳ ಪಕ್ಕ ನಿಂತೆ. ಇಬ್ಬರೂ ಜೊತೆಗೆ ಗೆರೆ ದಾಟಿದೆವು. ಏಳನೆಯವರು ಯಾರು, ಎಂಟನೆಯವರು ಯಾರು ಎಂಬುದರಲ್ಲಿ ಇವತ್ತಿಗೂ ಜಗಳವಿದೆ.

ಅವಳು ಎದ್ದು, ಕೈಯನ್ನು ಎರಡೆರಡು ಸಲ ತೊಳೆದು ಹುಳುಮನೆಗೆ ಹೋದಳು. ನನ್ನ ಡೈರಿಯಲ್ಲಿ ಆ ದಿನಕ್ಕೆ "ಏಳು, ಎಂಟು" ಎಂದಷ್ಟೇ ಇದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಹೋದ ವಾರ ಫೋನಿನಲ್ಲಿ ಕೇಳಿದೆ, ನನಗಾಗಿ ನಿಂತಿದ್ದೆ ತಾನೇ ಎಂದು. ಅವಳಿಗೆ ನೆನಪಿಲ್ಲ. ಬೆರಳು ಯಾವುದೋ ಬಟನ್ ಮೇಲೆ ಹೋಗಿ ಗಾಡಿ ನಿಂತಿರಬೇಕು ಎಂದಳು. ಹಿಂದೆ ಹಣ್ಣುಗಳು ಸಿಡಿಯುವ ಸದ್ದು ಕೇಳಿಸುತ್ತಿತ್ತು.

ಸಿದ್ಧಾಂತ ಏನಾಯಿತೆಂದು ಕಾಲೇಜಿನಲ್ಲಿ ಕೇಳುತ್ತಾರೆ. ಫೋನಿನಲ್ಲಿ ಆಡುವವರು ಕನ್ಸೋಲ್‌ಗೆ ಬರುತ್ತಾರೆ, ಬೆಳೆಗೆ ಎರಡು ದಿನ ಬರುತ್ತಾರೆ, ಹುಳು ಎದ್ದ ಕೂಡಲೇ ವಾಪಸು ಹೋಗುತ್ತಾರೆ ಎಂದು ಹೇಳಿದ್ದೇನೆ. ಒಬ್ಬಳನ್ನು ನೋಡಿ ಹೇಳುವ ಮಾತಲ್ಲ, ಗೊತ್ತು. ಪೆಟ್ಟಿಗೆ ಈಗ ಅಕ್ಕನ ಮನೆಯ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ.

ಈ ಬೆಳೆಯ ಹುಳು ನಾಡಿದ್ದು ಮೂರನೇ ಜ್ವರಕ್ಕೆ ಕೂರುತ್ತವಂತೆ. ತಲೆಗೆ ವಾಸನೆ ಎಣ್ಣೆ ಹಾಕಿಕೊಂಡು ಬರಬೇಡ ಎಂದು ಅಕ್ಕ ಹೇಳಿದ್ದಾಳೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮೂರು ದಿನದಿಂದ ಮನೆಯಲ್ಲಿ ಸೊಳ್ಳೆ ಲಿಕ್ವಿಡ್ ಆರಿಸಿಬಿಟ್ಟಿದ್ದೇನೆ. ಪಾಳಿ ಮುಗಿಸಿ ಬಂದ ನನ್ನ ಗಂಡ ಕಾಲು ಕೆರೆದುಕೊಳ್ಳುತ್ತ, ಬಾಟಲಿ ಖಾಲಿಯಾಗಿದೆಯೇ ಎಂದು ಕೇಳಿದರು. ಹೂಂ ಎಂದೆ. ಅದು ತುಂಬಿದೆ.