ಹನ್ನೆರಡು ಪ್ರಯೋಗ, ಹನ್ನೆರಡು ಬ್ಲೌಸು

ನನ್ನ ಕೆಲಸ ಏನೆಂದು ನನ್ನ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕಾರ್ಡಿನಲ್ಲಿ ‘ಎಕ್ಸಿಕ್ಯುಟಿವ್ ಫಂಕ್ಷನ್ ಕೋಚ್’ ಎಂದು ಅಚ್ಚಾಗಿದೆ. ನಾನು ಮಕ್ಕಳಿಗೆ ಗಣಿತವನ್ನೂ ಹೇಳಿಕೊಡುವುದಿಲ್ಲ, ವಿಜ್ಞಾನವನ್ನೂ ಹೇಳಿಕೊಡುವುದಿಲ್ಲ. ಕೂತು ಕೆಲಸ ಶುರು ಮಾಡುವುದು ಹೇಗೆ, ಯಾವುದು ಮೊದಲು ಯಾವುದು ಆಮೇಲೆ, ಹಿಡಿದದ್ದನ್ನು ಮುಗಿಸುವುದು ಹೇಗೆ, ಇಷ್ಟೇ ಹೇಳಿಕೊಡುವುದು. ಮುಂಬಯಿಯ ದಹಿಸರಿನ ನಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಅಮ್ಮ ಇದನ್ನೆಲ್ಲ ಕೇಳಿ, “ಪಾಠ ಮಾಡುದಿಲ್ಲ ಅಂದ್ರೆ ಅಲ್ಲಿ ಹೋಗಿ ಎಂತ ಮಾಡುದು ನೀನು?” ಎಂದಳು. ಬೈಯುವುದು ಎಂದೆ. ಅದು ಅವಳಿಗೆ ಕೂಡಲೇ ಅರ್ಥವಾಯಿತು.

ತಮಾಷೆಗೆ ಹೇಳಿದ್ದಾದರೂ ಪೂರ್ತಿ ಸುಳ್ಳಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಫೀಸು ಕೊಡಲಾಗದ ಮನೆಗಳಿಗೆ ಒಂದು ಟ್ರಸ್ಟಿನವರು ನನ್ನನ್ನು ಕಳಿಸುತ್ತಾರೆ. ಅವರಿಗೆ ನಾನು ತಿಂಗಳು ತಿಂಗಳು ವರದಿ ಬರೆದು ಕೊಡಬೇಕು. ಆ ವರದಿಯ ಮಾತು ಸದ್ಯಕ್ಕೆ ಬೇಡ.

ಆಂಟಾಪ್ ಹಿಲ್‌ನ ಹುಡುಗಿ ಸಿಕ್ಕಿದ್ದು ಹಾಗೆಯೇ. ದಹಿಸರಿನಿಂದ ದಾದರಿಗೆ ಲೋಕಲ್, ಅಲ್ಲಿಂದ ಬಸ್ಸು. ಅವಳು ಹನ್ನೆರಡನೇ ಕ್ಲಾಸು, ಸೈನ್ಸ್. ಅಪ್ಪ ವಿಜಯಪುರದ ಕಡೆಯವರು, ಮನೆ ಮೂರನೇ ಮಹಡಿಯಲ್ಲಿ, ಅದೇ ಬಿಲ್ಡಿಂಗಿನ ಕೆಳಗೆ ಟೇಲರಿಂಗ್ ಅಂಗಡಿ. ಮುಂಬಯಿಯಲ್ಲಿ ಟೇಲರುಗಳನ್ನೆಲ್ಲ ಮಾಸ್ಟರ್ ಎನ್ನುವುದು ರೂಢಿ. ನಾನೂ ಹಾಗೇ ಕರೆದೆ. ಮನೆಯಲ್ಲಿ ಅವರದು ದಖನಿ, ನನ್ನ ಜೊತೆ ಅಪ್ಪಟ ಬಿಜಾಪುರದ ಕನ್ನಡ, ಮಗಳದು ಎಲ್ಲವನ್ನೂ ಚೂರು ಚೂರು ಸೇರಿಸಿದ ಭಾಷೆ.

ಮೊದಲ ದಿನವೇ ಮಾಸ್ಟರ್ ನನ್ನ ಚೀಲದಿಂದ ಇಣುಕುತ್ತಿದ್ದ ಬ್ಲೌಸ್ ಪೀಸು ಕಂಡರು. ನನ್ನ ತಂಗಿಯ ಮದುವೆಗೆ ಹದಿನೈದು ದಿನವಿತ್ತು. ಬೇರೆ ಕಡೆ ಕೊಟ್ಟರೆ ತಮಗೆ ಅವಮಾನ ಎಂದರು. ಅವರ ಹೆಂಡತಿ ಅಳತೆ ತೆಗೆದರು, ಮಾಸ್ಟರ್ ನನ್ನ ಕಣ್ಣೆದುರೇ ಚಕಚಕನೆ ಕತ್ತರಿ ಆಡಿಸಿ ಬಟ್ಟೆಯನ್ನು ತುಂಡು ಮಾಡಿಟ್ಟರು. ಎಂಥಾ ಚುರುಕು ಎಂದು ನಾನು ಬೆರಗಾದೆ. ಹೆಂಡತಿ ಮಾತ್ರ ನನ್ನನ್ನು ಕನಿಕರದಿಂದ ನೋಡಿದರು. ಯಾಕೆಂದು ಆಗ ತಿಳಿಯಲಿಲ್ಲ.

ಹುಡುಗಿಯ ತೊಂದರೆ ಫಿಸಿಕ್ಸ್ ಜರ್ನಲ್. ಲ್ಯಾಬಿನಲ್ಲಿ ಮಾಡಿದ ಪ್ರಯೋಗಗಳನ್ನೆಲ್ಲ ಅದರಲ್ಲಿ ನೀಟಾಗಿ ಬರೆದು ಕಾಲೇಜಿನ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಅಂದರೆ ವರ್ಷ ಹೋದಂತೆಯೇ. ಕಡೆಯ ಗಡುವು ಮುಂದಿನ ವಾರದ ಶನಿವಾರ.

ಜರ್ನಲ್ ತೆರೆದೆ. ಮೊದಲ ಪುಟ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಮುತ್ತು ಪೋಣಿಸಿದಂಥ ಅಕ್ಷರ, ನೇರಳೆ ಶಾಯಿಯ ಅಡಿಗೆರೆ. ಪ್ರಯೋಗದ ಹೆಸರು, ಉದ್ದೇಶ, ಬೇಕಾಗುವ ಸಲಕರಣೆಗಳು. ಆಮೇಲೆ ಖಾಲಿ. ಮುಂದಿನ ಪ್ರಯೋಗವೂ ಹಾಗೆಯೇ. ಹನ್ನೆರಡಕ್ಕೆ ಹನ್ನೆರಡೂ ಉದ್ದೇಶ ಹೇಳಿ ನಿಂತಿದ್ದವು. ಆರಂಭಶೂರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಹನ್ನೆರಡು ಸಲ ಆರಂಭಿಸಿದವಳನ್ನು ಕಂಡದ್ದು ಅದೇ ಮೊದಲು.

ನನ್ನ ಬತ್ತಳಿಕೆಯ ಬಾಣಗಳನ್ನೆಲ್ಲ ತೆಗೆದೆ. ವೇಳಾಪಟ್ಟಿ ಮಾಡು ಎಂದೆ. ಅವಳು ಎರಡು ದಿನ ಕೂತು ವೇಳಾಪಟ್ಟಿಗೆ ಬಣ್ಣ ಹಚ್ಚಿದಳು, ಅದರ ಪ್ರಕಾರ ಕೆಲಸ ಶುರುವಾಗಬೇಕಾದ ದಿನ ಆಗಲೇ ಕಳೆದಿತ್ತು. ಟೈಮರ್ ಕೊಟ್ಟೆ. ಅದು ಅಡುಗೆಮನೆ ಸೇರಿ ಮೊಟ್ಟೆ ಬೇಯಿಸುವ ಕೆಲಸಕ್ಕೆ ಹತ್ತಿತು. ನಾನು ಬೈದೆ. ಮಧ್ಯೆ ಮಧ್ಯೆ ಮಾಸ್ಟರ್ ಮೇಲೆ ಬಂದು ಬಾಗಿಲಲ್ಲಿ ನಿಂತು, ಹೇಳಿದ ಹೊತ್ತಿಗೆ ಕೆಲಸ ಕೊಡದವರಿಗೆ ಜಗತ್ತಿನಲ್ಲಿ ಮರ್ಯಾದೆ ಇಲ್ಲ ಎಂದು ಮಗಳನ್ನು ಬೈದು ಹೋಗುತ್ತಿದ್ದರು. ಹುಡುಗಿ ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತಿದ್ದಳು.

ಸೋಮವಾರ ಬಂತು. ಜರ್ನಲ್ ಇದ್ದಲ್ಲೇ ಇತ್ತು. ಇಳಿದು ಹೋಗುವಾಗ ಬ್ಲೌಸಾದರೂ ತೆಗೆದುಕೊಂಡು ಹೋಗೋಣ ಎಂದು ಅಂಗಡಿಗೆ ಹೊಕ್ಕೆ.

“ನಾಳಿಗೆ ಬರ್ರಿ ಮೇಡಂ, ಹುಕ್ ಹಚ್ಚೂದಷ್ಟ ಉಳದೈತಿ,” ಎಂದರು ಮಾಸ್ಟರ್.

ಹುಕ್ ನಾನೇ ಹಚ್ಚಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಅವರು ಅತ್ತಿತ್ತ ಹುಡುಕುವ ನಾಟಕವಾಡುವಾಗ ನಾನು ಹಲಗೆಯ ಮೇಲಿನ ಪರದೆ ಸರಿಸಿದೆ. ಸಾಲಾಗಿ ಗಂಟುಗಳು. ಒಂದೊಂದಕ್ಕೂ ಚೀಟಿ, ಚೀಟಿಯಲ್ಲಿ ಚಂದದ ಅಕ್ಷರದಲ್ಲಿ ಅಳತೆ. ನನ್ನದೂ ಇತ್ತು, ಮೊದಲ ದಿನ ತುಂಡಾದದ್ದು ತುಂಡಾಗಿಯೇ. ಎಣಿಸಿದೆ. ಮದುವೆ ಸೀಸನ್ನಿನ ಬ್ಲೌಸುಗಳು, ಹನ್ನೊಂದು, ನನ್ನದು ಸೇರಿ ಹನ್ನೆರಡು. ಯಾವುದಕ್ಕೂ ಒಂದು ಹೊಲಿಗೆ ಬಿದ್ದಿರಲಿಲ್ಲ.

ಯಾಕೆ ಮಾಸ್ಟರ್ ಎಂದು ಕೇಳಿದೆ. ಅವರು ಧಂದೆಯ ಗುಟ್ಟನ್ನು ಸಂಕೋಚವಿಲ್ಲದೆ ಬಿಚ್ಚಿಟ್ಟರು. “ಕತ್ತರಿ ಹಾಕಿಬಿಟ್ರ ಗಿರಾಕಿ ಎಲ್ಲಿಗೆ ಹೋಗ್ತಾರ್ರಿ? ತುಂಡ್ ಅರಿವಿ ತಗೊಂಡು ಮತ್ತೊಬ್ಬ ಟೇಲರ್ ಕಡೆ ಹೋಗಾಕ ಬರಂಗಿಲ್ಲ.”

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಈ ಮನೆಯಲ್ಲಿ ಗಾದೆಯನ್ನು ಅಪ್ಪನಿಗೆ ಹೊಲಿಯಬೇಕಿತ್ತು. ಉದ್ದೇಶ ಬರೆದುಬಿಟ್ಟರೆ ಪ್ರಯೋಗ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಮಗಳೂ ನಂಬಿದ್ದಳು. ನನಗೆ ನಗು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಹನ್ನೆರಡೂ ಗಂಟು ಎತ್ತಿಕೊಂಡು ಮೂರನೇ ಮಹಡಿ ಹತ್ತಿದೆ. ಮಾಸ್ಟರ್ ಹಿಂದೆಯೇ ಓಡಿ ಬಂದರು.

ಅವತ್ತಿನಿಂದ ಕಾಯಿದೆ ಮಾಡಿದೆ. ಗಿರಾಕಿ ಕಡಿಮೆ ಇರುವ ಮೂರರಿಂದ ಆರು ಗಂಟೆಯವರೆಗೆ ಅಂಗಡಿ ಬಂದ್. ಮನೆಯಲ್ಲಿದ್ದ ಹಳೆಯ ಕಾಲು ಮಷೀನಿನ ಪಕ್ಕದಲ್ಲೇ ಮಗಳ ಮೇಜು. ಅವಳು ಒಂದು ಪ್ರಯೋಗ ಮುಗಿಸುವುದರಲ್ಲಿ ಅವರು ಒಂದು ಬ್ಲೌಸು ಮುಗಿಸಬೇಕು. ಹೊಸದಾಗಿ ಕತ್ತರಿ ಹಾಕುವಂತಿಲ್ಲ, ನೇರಳೆ ಪೆನ್ನು ನನ್ನ ಚೀಲದಲ್ಲಿ. ಪಕ್ಕದಲ್ಲಿ ಒಬ್ಬರು ತಮ್ಮ ಕೆಲಸ ಮಾಡುತ್ತಾ ಕೂತಿದ್ದರೆ ಇನ್ನೊಬ್ಬರಿಗೂ ಕೆಲಸ ಸಾಗುತ್ತದೆ ಎನ್ನುವುದು ನಮ್ಮ ಕಸುಬಿನ ಹಳೆಯ ಉಪಾಯ. ಆದರೆ ಕೂರಲಾಗದ ಇಬ್ಬರನ್ನು ಒಟ್ಟಿಗೆ ಕೂರಿಸಬಹುದೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನ ಮಾಸ್ಟರ್ ನಾಲ್ಕು ಸಲ ಚಹಾಕ್ಕೆದ್ದರು, ಅವಳು ಐದು ಸಲ ನೀರಿಗೆದ್ದಳು. ಎರಡನೆಯ ದಿನ ಅವಳೇ “ಅಬ್ಬಾ, ಬೈಠೋ ನಾ” ಎಂದು ಅಪ್ಪನನ್ನು ಕೂರಲು ಗದರಿದಳು. ಅವರು ಕೂತರು. ಬುಧವಾರದ ಹೊತ್ತಿಗೆ ಐದು ಪ್ರಯೋಗ, ಐದು ಬ್ಲೌಸು. ಹೇಳಿದ ದಿನಕ್ಕಿಂತ ಮೊದಲೇ ಬಟ್ಟೆ ಕೈಗೆ ಬಂದದ್ದು ಕಂಡು ಗಿರಾಕಿಗಳು ಗಾಬರಿಯಾದರು. ಒಬ್ಬಾಕೆಯಂತೂ ಅಂಗಡಿ ಮುಚ್ಚುತ್ತಿದ್ದೀರಾ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಲು ಮೂರು ಮಹಡಿ ಹತ್ತಿ ಬಂದಳು.

ಶುಕ್ರವಾರ ಮೂರು ಪ್ರಯೋಗ ಉಳಿದಿತ್ತು. ಹುಡುಗಿ ಅವಸರದಲ್ಲಿ ಒಂದು ರೀಡಿಂಗ್ ತಪ್ಪು ಬರೆದಳು. ಪುಟ ಹರಿದಳು, ಇನ್ನು ಆಗುವುದಿಲ್ಲ ಎಂದು ಅತ್ತಳು. ನಾನು ಬಾಗಿಲ ಬಳಿ ನಿಂತಿದ್ದೆ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಬೈಯಲು ಶುರು ಮಾಡಿದೆ. ಮಾಸ್ಟರ್ ಮಷೀನು ನಿಲ್ಲಿಸಿದರು. ಇವರೂ ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿದರು.

“ನಾನೂ ಹತ್ತನೇ ಕ್ಲಾಸ್ ಅರ್ಧಕ್ಕ ಬಿಟ್ಟಾಂವ ಮೇಡಂ. ನನ್ನ ಬಾಜೂಕ ಯಾರೂ ಕುಂಡ್ರಲಿಲ್ರಿ. ಎಲ್ಲಾರೂ ನಿಂತ್ಕೊಂಡ ಬೈದ್ರು.”

ನನಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಬೈಯುವುದು ನನ್ನ ಕೆಲಸವೆಂದು ಅಮ್ಮನಿಗೆ ಹೇಳಿದ ಮಾತು ನೆನಪಾಯಿತು. ಅವರಿಬ್ಬರ ನಡುವೆ ನೆಲದ ಮೇಲೆ ಕೂತೆ. ಕೂತ ಮೇಲೆ ಕೈಗೆ ಕೆಲಸ ಬೇಕಲ್ಲ. ಚೀಲದಿಂದ ಟ್ರಸ್ಟಿನ ವರದಿ ತೆಗೆದೆ. ಮೂರು ತಿಂಗಳ ಬಾಕಿ. ಒಂದೊಂದು ಹಾಳೆಯ ಮೇಲೂ ತಲೆಬರಹ, ಅದರ ಕೆಳಗೆ ‘ಉದ್ದೇಶ’, ಆಮೇಲೆ ಖಾಲಿ. ಹುಡುಗಿ ಬಗ್ಗಿ ನೋಡಿದಳು. ಅಳು ನಿಂತಿತು. ಅಪ್ಪನಿಗೆ ತೋರಿಸಿದಳು. ಇಬ್ಬರೂ ನಗಲಿಲ್ಲ, ಅದು ಅವರ ದೊಡ್ಡತನ.

ಮರುದಿನ ಜರ್ನಲ್‌ಗೆ ಸಹಿ ಬಿತ್ತು. ತಂಗಿಯ ಮದುವೆಯಲ್ಲಿ ಬ್ಲೌಸು ಯಾರು ಹೊಲಿದದ್ದೆಂದು ಮೂರು ಜನ ಕೇಳಿದರು. ನನಗೆ ನೆನಪಿರುವುದು ಮಾತ್ರ ಆ ಶುಕ್ರವಾರದ ಆರು ಗಂಟೆ. ಹುಡುಗಿ ಹನ್ನೆರಡನೆಯ ಪ್ರಯೋಗದ ಕೊನೆಯ ಸಾಲು ಬರೆದು ಪುಸ್ತಕ ಮುಚ್ಚಿದಳು. ಮಾಸ್ಟರ್ ನನ್ನ ಬ್ಲೌಸಿನ ಕೊನೆಯ ಹುಕ್ಕಿನ ದಾರ ಹಲ್ಲಿನಲ್ಲಿ ಕಡಿದರು. ಅವಳು ಎದ್ದು ನಿಂತಾಗ ಅವರು ಕೈ ಹಿಡಿದು ಜಗ್ಗಿದರು.

“ಕುಂಡ್ರು. ಮೇಡಮ್ಮರದು ಇನ್ನೂ ಮುಗದಿಲ್ಲ.”

ಅವಳು ಮತ್ತೆ ಕೂತಳು. ನಾನು ಮುಗಿಸುವವರೆಗೂ ಇಬ್ಬರೂ ಏಳಲಿಲ್ಲ.