ಹರವಿಗೂ ವಿಭೂತಿ

ವಿಭೂತಿ ಹಚ್ಚದ ವಸ್ತು ಕಂಡರೆ ನಮ್ಮವ್ವ ನಾಗಲಿಂಗಮ್ಮನಿಗೆ ಕೈ ತುರಿಸುತ್ತದೆ. ಮಿಕ್ಸಿ, ಗ್ಯಾಸ್ ಸಿಲಿಂಡರ್, ಯಾವುದನ್ನೂ ಬಿಟ್ಟಿಲ್ಲ. ಕರೆಂಟ್ ಮೀಟರ್ ನೋಡಲು ಬಂದವನ ಬೈಕಿಗೂ ಹಚ್ಚಿ ಕಳಿಸಿದ್ದಾಳೆ. ಆದರೆ ಸೊಸೆಯ ಬಗ್ಗೆ ಒಂದು ಒಳ್ಳೆ ಮಾತು ಆಡು ಅಂದರೆ, ಊಹೂಂ.

ಆ ಸೊಸೆ, ಅಂದರೆ ನನ್ನ ಹೆಂಡತಿ ಸುಜಾತಾ, ಕೊಟ್ಟೂರಿನ ನಮ್ಮ ಮನೆಯಲ್ಲೇ ದೊಡ್ಡ ದೊಡ್ಡ ಮಣ್ಣಿನ ಹರವಿ ಮಾಡಿ, ಸುಟ್ಟರೆ ಗಾಜಿನಂತೆ ಹೊಳೆಯುವ ಗ್ಲೇಜು ಕೊಡುತ್ತಾಳೆ. ಸಣ್ಣ ಕುಡಿಕೆಯಾದರೆ ಬಕೆಟ್ಟಿನಲ್ಲಿ ಅದ್ದಿ ತೆಗೆಯಬಹುದು. ಸೊಂಟದೆತ್ತರದ ಹರವಿಯನ್ನು ಎಲ್ಲಿ ಅದ್ದುತ್ತೀರಿ? ಒಮ್ಮೆ ಸುಟ್ಟ ಹರವಿಯನ್ನು ನಾನು ಮೆಲ್ಲಗೆ ತಿರುಗಿಸಬೇಕು, ಅವಳು ಗಟ್ಟಿ ಮಜ್ಜಿಗೆಯಂಥ ಗ್ಲೇಜನ್ನು ಮಗ್ಗಿನಿಂದ ಸುರಿಯಬೇಕು. ನನ್ನ ಕೈ ತುಸು ನಿಂತರೂ ಬೈಗುಳ. ಈ ಸಲದ್ದು ಹಡಗಲಿಯ ಅರುಣಕುಮಾರ್ ತಮ್ಮ ಹೊಸ ಕಲ್ಯಾಣ ಮಂಟಪಕ್ಕೆ ಕೇಳಿದ್ದು, ಅವಳ ಮೊದಲ ದೊಡ್ಡ ಆರ್ಡರು. “ಇದು ಕೆಟ್ರ ಗ್ಲೇಜಿನ ಸಾಮಾನೆಲ್ಲ ತಿಪ್ಪಿಗಿ ಹಾಕ್ತೀನಿ ನೋಡ್ರಿ,” ಅಂದಿದ್ದಳು. ಹಾಕುವವಳೇ.

ಎರಡನೇ ಸಲ ಸುಟ್ಟು ಭಟ್ಟಿ ತೆರೆದಾಗ ಜೇನುಬಣ್ಣದ ಹರವಿ ಫಳಫಳ ಹೊಳೆಯುತ್ತಿತ್ತು. ಹೊಟ್ಟೆಯ ಮೇಲೆ ಮಾತ್ರ ಮೂರು ಹಸಿರು ಗೆರೆ! ಗ್ಲೇಜು ಒಣಗಿದ ಮೇಲೆ ಅವ್ವ ಕೈಯಾಡಿಸಿದ್ದಳು. ಸುಡುವ ಮೊದಲು ಬೆಳ್ಳಗಿರುವ ಗ್ಲೇಜಿನ ಮೇಲೆ ಬಿಳಿ ವಿಭೂತಿ ನಮಗೆ ಕಂಡಿರಲೇ ಇಲ್ಲ. ಬೂದಿಯೂ ಉರಿಗೆ ಕರಗಿ ಹಸಿರು ಗಾಜಾಗುತ್ತದೆಂದು ಅವಳಿಗೇನು ಗೊತ್ತು?

“ಬೆಂಕಿಗಿ ಹೋಗೋ ಕೂಸು, ಬರೇ ಹಣಿಲೆ ಹೆಂಗ ಕಳಸ್ಲಿ?” ಅಂದಳು ಅವ್ವ. ಸುಜಾತಾ ಒದ್ದೆ ಬಟ್ಟೆ ತಂದು ಆ ಗೆರೆಗಳನ್ನು ಉಜ್ಜತೊಡಗಿದಳು. ಬೈದಿದ್ದರೇ ವಾಸಿಯಿತ್ತು.

ಸಂಜೆ ಅರುಣಕುಮಾರ್ ಬಂದು ಹರವಿಯ ಸುತ್ತ ತಿರುಗಿದರು. “ಸಾದಾ ಹೇಳಿದ್ನೆಲ್ರಿ? ಇದು ಬ್ಯಾಡ್ರಿ. ಇವರಿಗೆ ಇನ್ನೂ ಕೈ ಕುಂತಿಲ್ಲ.”

ಸುಜಾತಾ ತಲೆ ತಗ್ಗಿಸಿದಳು. ನಾನು, ಹೇಡಿ, ಹರವಿ ಕಟ್ಟಲು ತಂದ ಹಗ್ಗ ಸುತ್ತುತ್ತ ನಿಂತೆ.

ಅವ್ವ ಎದ್ದಳು ನೋಡಿ! “ಏ ತಮ್ಮಾ, ಗೆರಿ ಎಳದಾಕಿ ನಾನು. ಬೈಯೋದಿದ್ರ ನನ್ನ ಬೈ. ನನ್ ಸೊಸಿ ಕೈಗೆ ಹೆಸರಿಟ್ಟಿ ಅಂದ್ರ ಚಂದ ಇರಂಗಿಲ್ಲ! ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲಾ ತಿರುಗಿ ಬಾ, ಇಂಥಾಕಿ ಇನ್ನೊಬ್ಬಾಕಿ ಸಿಗಂಗಿಲ್ಲ!”

ಅರುಣಕುಮಾರ್ ಹಿಂದಕ್ಕೆ ಸರಿದರು. “ಆತ್ರೀ ಅಮ್ಮಾ, ಇನ್ನೊಂದು ಸಾದಾ ಮಾಡಿಕೊಡ್ಲಿ, ಕಾಯ್ತೀನಿ.”

ಸುಜಾತಾಳಿಗೆ ಅದು ಕೇಳಿಸಿತೋ ಇಲ್ಲವೋ. ಅವಳ ಕಣ್ಣು ತುಂಬಿತ್ತು. “ಅತ್ತೀ, ಇನ್ನೊಮ್ಮಿ ಅನ್ರಿ.”

“ಏನನ್ಲಿ? ಮನಿಗೆ ಬಂದೋರಿಗೆ ಚಾ ಕೊಡಬೇಕನ್ನೋ ಖಬರು ಐತೇನು ನಿನಗ?” ಎಂದು ಗದರಿ, ಚಾ ಇಡಲು ಅವ್ವ ತಾನೇ ಒಳಗೆ ಹೋದಳು.