ಸೋಪೇ ಮಡಿ

ಚಟ್ ಎಂದು ಗ್ಲೌಸ್ ಎಳೆದುಕೊಳ್ಳುವ ಸದ್ದಾದರೆ ನಮ್ಮ ನರ್ಸ್ ಬಂದಳೆಂದು ಅರ್ಥ. ವಿಜಯನಗರದ ಆಸ್ಪತ್ರೆಯ ಐಸೊಲೇಷನ್ ರೂಮಿನಲ್ಲಿದ್ದೆ. ಈ ವಯಸ್ಸಿನಲ್ಲಿ ನನಗೆ ಚಿಕನ್‌ಪಾಕ್ಸ್, ಹೌ ಸಿಲ್ಲಿ! ಯಾರಾದರೂ ಒಮ್ಮೆ ಬರಿಗೈಯಲ್ಲಿ ಮುಟ್ಟಿದರೆ ಸಾಕೆನಿಸುತ್ತಿತ್ತು. ಬಂದವರನ್ನೆಲ್ಲ ಅವಳು ಕಾನ್ವೆಂಟ್ ಮದರ್‌ನಂತೆ ಬಾಗಿಲಲ್ಲೇ ತಡೆದು, "ಕೈ ತೋರ್ಸಿ" ಎನ್ನುತ್ತಿದ್ದಳು.

ಒಂದು ದಿನ ಬೇವಿನೆಲೆ ಹಿಡಿದು ಬಂದ ನಮ್ಮ ಅತ್ತಿಗೆ ಕೈ ತೊಳೆಯಲು ಒಪ್ಪಲಿಲ್ಲ. "ಅಮ್ಮ ಬಂದಿರೋ ರೂಮು ಅಂತ ಮಡೀಲೇ ಬಂದಿದೀನಿ ಕಣೇ, ನನ್ನ ಮುಟ್ಟಬೇಡ!"

"ದೇವ್ರಿಗೆ ನಿಮ್ಮ ಮಡಿ ಸಾಕು ಆಂಟಿ, ರೋಗಕ್ಕೆ ಸೋಪೇ ಮಡಿ. ಕೈ ತೋರ್ಸಿ."

ಅತ್ತಿಗೆ ಗೊಣಗುತ್ತಲೇ ಮೊಣಕೈವರೆಗೂ ತೊಳೆದರು.

ಅವಳನ್ನು ಕೊನೆಯ ಸಲ ನೋಡಿದ್ದು ಡಿಸ್ಚಾರ್ಜ್ ದಿನ, ಆಟೋ ಹತ್ತುವಾಗ. "ಕೈ ತೋರ್ಸಿ" ಎಂದಳು. ಅಭ್ಯಾಸಬಲದಿಂದ ಎರಡೂ ಕೈ ಚಾಚಿದೆ. ಗ್ಲೌಸಿಲ್ಲದ ಕೈಗಳಲ್ಲಿ ಹಿಡಿದುಕೊಂಡು, "ಪಾಸ್ ಆದ್ರಿ, ಮೇಡಂ" ಎಂದಳು.